ಕಲಬುರಗಿ ಬಿಸಿಲಿನಲ್ಲಿ ರಾಟ್‌ವೀಲರ್ ಸಾಕುವುದು: ಮರಿ ತರುವ ಮೊದಲಿನಿಂದ ಮುಪ್ಪಿನವರೆಗೆ

ರಿಂಗ್ ರೋಡ್ ಆಚೆ ಹೊಸದಾಗಿ ಮನೆ ಕಟ್ಟಿಸಿದವರು ಗೃಹಪ್ರವೇಶದ ತೋರಣ ಒಣಗುವ ಮೊದಲೇ ಕೇಳುತ್ತಾರೆ, "ಕಾವಲಿಗೆ ಯಾವ ನಾಯಿ ತರೂಣ್ರಿ?" ಅಕ್ಕಪಕ್ಕದ ಪ್ಲಾಟುಗಳು ಖಾಲಿ, ಕರೆಂಟು ಹೋದರೆ ಕಗ್ಗತ್ತಲು, ಹಗಲು ಮನೆಯಲ್ಲಿ ವಯಸ್ಸಾದವರಿಬ್ಬರೇ. ಕೇಳುವುದರಲ್ಲಿ ತಪ್ಪೇನಿಲ್ಲ. ಹೈದರಾಬಾದಿನಿಂದ ರಾಟ್‌ವೀಲರ್ ಮರಿಯೊಂದು ಕಾರಿನಲ್ಲಿ ಬರುತ್ತದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಅದು ಹಿತ್ತಲಿನ ಪತ್ರಾ ಶೆಡ್ಡಿನಲ್ಲಿ ಸರಪಳಿಗೆ ಬಿದ್ದಿರುತ್ತದೆ, ಅನ್ನ ಹಾಕುವವರೊಬ್ಬರನ್ನು ಬಿಟ್ಟರೆ ಮನೆಯವರೂ ಹತ್ತಿರ ಸುಳಿಯುವುದಿಲ್ಲ. ಇಂಥವನ್ನು ಬಹಳ ನೋಡಿದ್ದೇನೆ.

ಈ ತಳಿಗೆ ಕಾವಲು ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ, ಅದು ಹುಟ್ಟಿನಿಂದಲೇ ಬಂದಿರುತ್ತದೆ. ಜರ್ಮನಿಯ ರಾಟ್‌ವೈಲ್ ಪಟ್ಟಣದ ಕಸಾಯಿಗಳು ದನ ಹೊಡೆದುಕೊಂಡು ಹೋಗಲು, ಸಂತೆಯ ದುಡ್ಡು ಕಾಯಲು ಸಾಕಿದ ನಾಯಿ ಇದು. ನಾವು ಕಲಿಸಬೇಕಾದ್ದು ಸುಮ್ಮನಿರುವುದನ್ನು. ಉಳಿದ ಶ್ರಮವೆಲ್ಲ ನಮ್ಮ ಬಿಸಿಲಿನಿಂದ ಅದನ್ನು ಕಾಯುವುದಕ್ಕೆ ಹೋಗುತ್ತದೆ.

ತರುವ ಮೊದಲು

ಗಂಡು ನಾಯಿ 50 ಕೆಜಿ ಆಸುಪಾಸು ತೂಗುತ್ತದೆ, ಭುಜದವರೆಗೆ 61ರಿಂದ 68 ಸೆಂಟಿಮೀಟರ್ ಎತ್ತರ. ಹೆಣ್ಣು 42 ಕೆಜಿ ಸುತ್ತಮುತ್ತ. ಬೆಲ್ಟು ಹಿಡಿದು ಇದನ್ನು ನಿಲ್ಲಿಸಬಲ್ಲವರು ಮನೆಯಲ್ಲಿ ಕನಿಷ್ಠ ಇಬ್ಬರಾದರೂ ಬೇಕು. ಮಗ ಬೆಂಗಳೂರಿನಲ್ಲಿ ನೌಕರಿ, ನಾಯಿ ಮಾತ್ರ ಕಲಬುರಗಿಯಲ್ಲಿ ಅಪ್ಪ ಅವ್ವನ ಹತ್ತಿರ ಅನ್ನುವ ಲೆಕ್ಕ ನಡೆಯುವುದಿಲ್ಲ.

ಹೊಲದ ಕಾವಲಿಗೆ, ಪಂಪ್‌ಸೆಟ್ಟಿನ ಕೇಬಲ್ ಕಾಯಲು ಬೇಕು ಅನ್ನುವವರಿಗೆ ನನ್ನ ಸಲಹೆ ನೇರ: ರಾಟ್‌ವೀಲರ್ ತರಬೇಡಿ. ಇದು ಮನೆಮಂದಿಯ ಜೊತೆ ಇರುವ ನಾಯಿ. ಹೊಲದ ಗುಡಿಸಲಲ್ಲಿ ಒಂಟಿಯಾಗಿ ಬಿಟ್ಟರೆ ತಲೆ ಕೆಡುತ್ತದೆ, ಬೇಸಿಗೆ ದಾಟುವುದೂ ಕಷ್ಟ. ಹೊಲಕ್ಕೆ ಊರ ನಾಯಿಯೇ ಸರಿ. ಅದು ಈ ಬಿಸಿಲಿನಲ್ಲೇ ಹುಟ್ಟಿ ಬೆಳೆದದ್ದು, ತಿಂದದ್ದನ್ನು ಅರಗಿಸಿಕೊಳ್ಳುತ್ತದೆ, ಸಪ್ಪಳಕ್ಕೆ ಎಚ್ಚರಾಗುತ್ತದೆ. ನಮ್ಮ ರಾಜ್ಯದ್ದೇ ಆದ ಮುಧೋಳ ನಾಯಿಯನ್ನೂ ಕಾವಲಿಗೆಂದು ಕೇಳುತ್ತಾರೆ. ಅದು ಓಡಿ ಬೇಟೆ ಹಿಡಿಯುವ ತಳಿ, ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಅದಕ್ಕೆ ಓಡಲು ಬಯಲು ಬೇಕು. ಉದ್ದ ಕೂದಲಿನ ಕಕೇಷಿಯನ್ ಶೆಫರ್ಡ್, ಸೇಂಟ್ ಬರ್ನಾರ್ಡ್ ವಿಚಾರ ನಮ್ಮ ಜಿಲ್ಲೆಯಲ್ಲಿ ಮಾತಾಡುವುದೇ ಬೇಡ. ಅವು ಮಂಚದ ಕೆಳಗೆ ತೇಕುತ್ತ ಮಲಗಿರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಮರಿ ಆರಿಸುವಾಗ

ತಾಯಿಯನ್ನು ನೋಡದೆ ಮರಿಗೆ ದುಡ್ಡು ಕೊಡಬೇಡಿ. ಪರಿಚಯದವರು ಜೊತೆಗಿದ್ದಾಗಲೂ ತಾಯಿ ಹಲ್ಲು ಕಿರಿಯುತ್ತದೆ, ಅಥವಾ ಮೂಲೆ ಸೇರುತ್ತದೆ ಎಂದರೆ ಆ ಮನೆಯಿಂದ ವಾಪಸ್ ಬನ್ನಿ. ಎಂಟು ವಾರ ತುಂಬದ ಮರಿ ಬೇಡ. ತಂದೆ ತಾಯಿಯ ಸೊಂಟದ ಎಕ್ಸ್‌ರೇ ತೆಗೆಸಿದ್ದಾರಾ ಎಂದು ಕೇಳಿ. ನಗುತ್ತಾರೆ, ನಗಲಿ. ಸೊಂಟದ ಕೀಲು ಸಡಿಲಾಗುವ ತೊಂದರೆ ಈ ತಳಿಯಲ್ಲಿ ವಂಶದಿಂದ ಬರುತ್ತದೆ, ಅದನ್ನು ಗುರುತಿಸಲು ಬೇರೆ ದಾರಿಯಿಲ್ಲ. ಬಾಲ ಕತ್ತರಿಸಿದ ಮರಿಗೆ ಹೆಚ್ಚು ರೇಟು ಹೇಳುವವರಿದ್ದಾರೆ. ತಳಿ ಹುಟ್ಟಿದ ಜರ್ಮನಿಯಲ್ಲೇ ಚಂದಕ್ಕಾಗಿ ಬಾಲ ಕತ್ತರಿಸುವುದು ನಿಷಿದ್ಧ. ನಮಗ್ಯಾಕೆ ಬೇಕು ಆ ಶೋಕಿ?

ನೆಲ, ನೆರಳು, ಗೇಟು

ಮರಿ ಬರುವ ಮೊದಲೇ ಮೂರು ಕೆಲಸ ಮುಗಿಸಿ.

ಒಂದು, ಮಲಗುವ ಜಾಗ. ತಗಡಿನ ಶೆಡ್ಡು ಮಧ್ಯಾಹ್ನ ಕಾದ ಹಂಚಾಗುತ್ತದೆ, ಅದು ಖಂಡಿತ ಬೇಡ. ಮನೆಯೊಳಗೆ ಅಥವಾ ಉತ್ತರ ದಿಕ್ಕಿನ ಪಡಸಾಲೆಯಲ್ಲಿ ಜಾಗ ಕೊಡಿ. ನಮ್ಮ ಶಹಾಬಾದ್ ಫರಸಿ ನೆಲ ಈ ನಾಯಿಗೆ ಒಳ್ಳೆಯದು. ನೆರಳಿನಲ್ಲಿದ್ದರೆ ತಂಪಾಗಿರುತ್ತದೆ, ಪಾಲಿಶ್ ಇಲ್ಲದಿದ್ದರೆ ಕಾಲು ಜಾರುವುದಿಲ್ಲ. ನುಣುಪು ಟೈಲ್ಸ್ ಹಾಕಿದ ಮನೆಗಳಲ್ಲಿ ಮರಿ ಓಡಾಡುವ ದಾರಿಗುಂಟ ಗೋಣಿ ತಟ್ಟು ಹಾಸಿ. ಬೆಳೆಯುವ ವಯಸ್ಸಿನಲ್ಲಿ ಹಿಂಗಾಲು ಪದೇ ಪದೇ ಜಾರಿದರೆ ಕೀಲಿಗೆ ಪೆಟ್ಟು. ಫರಸಿ ಮೇಲೂ ಬರಿ ನೆಲದಲ್ಲೇ ಮಲಗಿಸಬೇಡಿ, ಭಾರದ ನಾಯಿಗೆ ಮೊಣಕೈ ಹತ್ತಿರ ಚರ್ಮ ದಪ್ಪಗಾಗಿ ಒಡೆಯುತ್ತದೆ. ಹಳೆಯ ಕೌದಿ ಮಡಚಿ ಹಾಕಿದರೆ ಸಾಕು, ಒಗೆಯಲೂ ಸುಲಭ.

ಎರಡು, ಕಾಂಪೌಂಡ್. ಗೋಡೆ ಐದಡಿಗಿಂತ ಎತ್ತರ ಇರಲಿ. ಗೇಟಿನ ಸರಳುಗಳ ನಡುವೆ ಮೂತಿ ಹೊರಗೆ ಹೋಗದ ಹಾಗೆ ಒಳಗಿನಿಂದ ಜಾಲರಿ ಬಡಿಸಿ, ಯಾಕೆಂದರೆ ಓಣಿಯ ಮಕ್ಕಳು ಕೈ ಹಾಕುವುದು ಅಲ್ಲೇ. ಚಿಲಕ ನಾಯಿ ಮೂಗಿನಿಂದ ಎತ್ತಿ ತೆಗೆಯುವಂಥದ್ದಾಗಿರಬಾರದು.

ಮೂರು, ಎರಡನೇ ಬಾಗಿಲು. ಗೇಟಿಗೂ ಮನೆಗೂ ನಡುವೆ ನಾಯಿಯನ್ನು ಕೂಡಿ ಹಾಕಬಲ್ಲ ಇನ್ನೊಂದು ಅಡ್ಡ ಗೇಟು ಅಥವಾ ಕೋಣೆ ಬೇಕೇ ಬೇಕು. ಇದಕ್ಕೆ ಖರ್ಚು ಮಾಡದವರು ಮುಂದೆ ಪೊಲೀಸ್ ಠಾಣೆಗೂ ದವಾಖಾನೆಗೂ ಅಲೆಯುತ್ತ ಖರ್ಚು ಮಾಡುತ್ತಾರೆ.

ಮೊದಲ ನಾಲ್ಕು ತಿಂಗಳು

ಎರಡು ಕೆಲಸ ಒಂದಕ್ಕೊಂದು ಅಡ್ಡ ಬರುವ ಕಾಲ ಇದು. ಲಸಿಕೆ ಪೂರ್ತಿಯಾಗುವವರೆಗೆ ಮರಿಯನ್ನು ಬೀದಿಯ ನೆಲಕ್ಕೆ ಇಳಿಸಬಾರದು. ಹೊರಗಿನ ಜಗತ್ತು ತೋರಿಸಬೇಕಾದ ವಯಸ್ಸೂ ಅದೇ.

ಮೊದಲು ಲಸಿಕೆ. ಆರರಿಂದ ಎಂಟು ವಾರಕ್ಕೆ ಮೊದಲ ಸೂಜಿ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ಮೂರು ತಿಂಗಳಿಗೆ ರೇಬೀಸ್, ಆಮೇಲೆ ವರ್ಷಕ್ಕೊಮ್ಮೆ. ಕಾರ್ಡಿನಲ್ಲಿ ತಾರೀಖು, ಬಾಟಲಿಯ ಸ್ಟಿಕ್ಕರ್, ಡಾಕ್ಟರ ಸಹಿ ಮೂರೂ ಇರಲಿ. ಒಂದು ಡೋಸೂ ತಪ್ಪಬಾರದು ಎಂದು ಒತ್ತಿ ಹೇಳಲು ಕಾರಣವಿದೆ. ರಾಟ್‌ವೀಲರ್, ಡಾಬರ್‌ಮನ್ ಮರಿಗಳಿಗೆ ಪಾರ್ವೋ ಎಂಬ ವೈರಸ್ ರೋಗ ಉಳಿದ ತಳಿಗಳಿಗಿಂತ ಬೇಗ ತಗಲುತ್ತದೆ, ಜೋರಾಗಿಯೂ ಬರುತ್ತದೆ. ವಾಂತಿ, ಕೆಟ್ಟ ನಾತದ ರಕ್ತ ಭೇದಿ, ಊಟ ಬಿಟ್ಟು ಮುದುಡಿ ಮಲಗುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಫಿನಾಯಿಲ್‌ಗೆ ಸಾಯುವುದಿಲ್ಲ. ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ತೊಳೆಯಬೇಕು. ಹಿಂದೆ ಮನೆಯಲ್ಲಿ ಪಾರ್ವೋದಿಂದ ಮರಿ ಸತ್ತಿದ್ದರೆ ಹೊಸ ಮರಿ ತರುವ ಮೊದಲು ಡಾಕ್ಟರಿಗೆ ಅದನ್ನು ಹೇಳಿ.

ಇನ್ನು ಜಗತ್ತು ತೋರಿಸುವುದು. ತೊಡೆಯ ಮೇಲೆ ಕೂರಿಸಿಕೊಂಡು, ಕಾರಿನಲ್ಲೋ ಸ್ಕೂಟರಿನಲ್ಲೋ ಸೂಪರ್ ಮಾರ್ಕೆಟ್ ಕಡೆ ಒಂದು ಸುತ್ತು ಹಾಕಿ. ಆಟೋ ಹಾರ್ನ್, ಆಜಾನ್, ಗುಡಿ ಗಂಟೆ, ಮದುವೆ ಬ್ಯಾಂಡು, ತೊಗರಿ ಮೂಟೆ ಹೇರಿದ ಟ್ರ್ಯಾಕ್ಟರ್, ಬುರ್ಖಾ ಹಾಕಿದವರು, ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ಮುದುಕರು ಎಲ್ಲವನ್ನೂ ಮರಿ ಹೆದರದಷ್ಟು ದೂರದಿಂದ ನೋಡಲಿ. ಹದಿನಾಲ್ಕು ವಾರದೊಳಗೆ ಕಂಡದ್ದನ್ನು ಮರಿ ಮಾಮೂಲು ಎಂದುಕೊಳ್ಳುತ್ತದೆ, ಅಲ್ಲಿಂದ ಮುಂದೆ ಹೊಸದೆಲ್ಲ ಅನುಮಾನ. "ಹೊರಗಿನವ್ರ ಕೈಗೆ ಕೊಡಬ್ಯಾಡ್ರಿ, ಎಲ್ಲರ ಜೋಡಿ ಸಲಿಗೆಯಾದ್ರ ಕಾವಲು ಕಾಯಂಗಿಲ್ಲ" ಎಂದು ಬುದ್ಧಿ ಹೇಳುವವರು ಸಿಗುತ್ತಾರೆ. ಕೇಳಬೇಡಿ. ಜನರನ್ನು ನೋಡಿ ಬೆಳೆದ ನಾಯಿಗೆ ಹಾಲಿನವನಿಗೂ ಗೋಡೆ ಹಾರುವವನಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಕಟ್ಟಿ ಬೆಳೆಸಿದ್ದಕ್ಕೆ ಇಬ್ಬರೂ ಒಂದೇ.

ಮನೆಯಲ್ಲಿ ಎಲ್ಲರೂ ಒಂದೇ ಮಾತು ಬಳಸಿ. ಅಜ್ಜಿ "ಕೂಡು" ಅಂತಾರೆ, ಮಗ "ಸಿಟ್" ಅಂತಾನೆ, ಡ್ರೈವರ್ "ಬೈಠ್" ಅಂತಾನೆ, ಮೂರೂ ಕೇಳಿ ನಾಯಿ ನಿಂತೇ ಇರುತ್ತದೆ.

ಊಟ

ರೊಟ್ಟಿ ಹಾಲು ಹಾಕಿ ಬೆಳೆಸಿದೆವು ಅನ್ನುವುದು ನಮ್ಮ ಕಡೆಯ ಹಳೆಯ ರೂಢಿ. ಊರ ನಾಯಿ ಅದರಲ್ಲೇ ಬದುಕಬಹುದು. ವರ್ಷದಲ್ಲಿ ನಲವತ್ತು ಕೆಜಿ ಬೆಳೆಯುವ ಮರಿಗೆ ಅದು ಸಾಲುವುದಿಲ್ಲ. ದೊಡ್ಡ ತಳಿಯ ಮರಿಗಳಿಗೆಂದೇ ಇರುವ ಒಣ ಆಹಾರ ಕೊಡಿ. ಅದನ್ನು ಕೊಡುತ್ತಿರುವಾಗ ಮೇಲೆ ಕ್ಯಾಲ್ಸಿಯಂ ಟಾನಿಕ್ ಹಾಕಬೇಡಿ. ಮೂಳೆ ಗಟ್ಟಿಯಾಗಲಿ ಎಂದು ಸುರಿಯುವ ಆ ಬಾಟಲಿಯೇ ಬೆಳೆಯುವ ಮೂಳೆಯನ್ನು ಸೊಟ್ಟ ಮಾಡುತ್ತದೆ. ಮರಿ ದುಂಡಗೆ ಇರಬೇಕೆಂಬ ಆಸೆಯನ್ನೂ ಬಿಡಿ. ಬೆರಳು ಆಡಿಸಿದರೆ ಪಕ್ಕೆಲುಬು ಸಿಗಬೇಕು, ಮೇಲಿನಿಂದ ನೋಡಿದರೆ ನಡು ಕಾಣಬೇಕು.

ಮರಿಗೆ ದಿನಕ್ಕೆ ಮೂರು ನಾಲ್ಕು ಸಲ, ಆರು ತಿಂಗಳ ಮೇಲೆ ಎರಡು ಸಲ. ಬೆಳೆದ ನಾಯಿಗೆ ದಿನಕ್ಕೆ ಅರ್ಧ ಕೆಜಿ ಆಸುಪಾಸು ಒಣ ಆಹಾರ ಬೇಕಾಗುತ್ತದೆ. ಮನೆಯಲ್ಲೇ ಮಾಡುವುದಾದರೆ ಎಲುಬಿಲ್ಲದ ಕೋಳಿ, ಮೊಟ್ಟೆ, ಅನ್ನ, ಬೇಯಿಸಿದ ಗಜ್ಜರಿ, ಸ್ವಲ್ಪ ಮೊಸರು ಹಾಕಿ. ಅದರ ಪ್ರಮಾಣವನ್ನು ಡಾಕ್ಟರನ್ನು ಕೇಳಿಯೇ ನಿಕ್ಕಿ ಮಾಡಿ. ಜೋಳದ ರೊಟ್ಟಿ ಜೊತೆಗಿರಲಿ, ಅದೇ ಊಟವಾಗುವುದು ಬೇಡ.

ಶೇಂಗಾ ಹಿಂಡಿ, ಪುಂಡಿಪಲ್ಯ, ಸಾರಿನ ಅನ್ನ ಬೇಡ. ಬೆಳ್ಳುಳ್ಳಿ, ಉಳ್ಳಾಗಡ್ಡಿ ನಾಯಿಯ ರಕ್ತ ಕೆಡಿಸುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಬೇಯಿಸಿದ ಎಲುಬು ಚೂರಾಗಿ ಕರುಳು ಹರಿಯುತ್ತದೆ. ಮೇ ತಿಂಗಳಲ್ಲಿ ಮಾವಿನ ವಾಟೆಯನ್ನು ಅಂಗಳಕ್ಕೆ ಎಸೆಯಬೇಡಿ. ಇಡಿಯಾಗಿ ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಂಡು ಆಪರೇಷನ್ನಿಗೆ ಹೋಗುತ್ತದೆ.

ಉಂಡ ತಕ್ಷಣ ಓಡಿಸಬಾರದು, ಒಂದು ತಾಸಾದರೂ ಬಿಡಿ. ಎದೆಗೂಡು ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವ ಅಪಾಯವಿದೆ. ಗುರುತು ಹೀಗೆ: ಹೊಟ್ಟೆ ಬಿಗಿದು ಉಬ್ಬುತ್ತದೆ, ವಾಂತಿಗೆ ಮತ್ತೆ ಮತ್ತೆ ಉಬ್ಬಳಿಸುತ್ತದೆ ಆದರೆ ಏನೂ ಬರುವುದಿಲ್ಲ, ಕೂತಲ್ಲಿ ಕೂರುವುದಿಲ್ಲ. ಸೋಡಾ, ಜೀರಿಗೆ ನೀರು ಎಂದು ಸಮಯ ಹಾಳು ಮಾಡಬೇಡಿ. ಇದಕ್ಕೆ ಆಪರೇಷನ್ ಒಂದೇ ದಾರಿ, ಅದೂ ಕೆಲವೇ ತಾಸುಗಳೊಳಗೆ. ರಾತ್ರಿ ಹೊತ್ತು ನಾಯಿಗೆ ಆಪರೇಷನ್ ಮಾಡುವ ಡಾಕ್ಟರು ನಮ್ಮೂರಲ್ಲಿ ಯಾರಿದ್ದಾರೆ ಎಂಬುದನ್ನು ಮರಿ ತಂದ ವಾರವೇ ವಿಚಾರಿಸಿ ನಂಬರ್ ಬರೆದಿಡಿ. ಬೀದರಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ದೊಡ್ಡ ತಪಾಸಣೆಗಳಿಗೆ ಅನುಕೂಲ. ಆದರೆ ಕಲಬುರಗಿಯಿಂದ ಅದು ನೂರು ಕಿಲೋಮೀಟರಿಗೂ ಹೆಚ್ಚು ದೂರ, ಹೊಟ್ಟೆ ತಿರುಚಿದ ನಾಯಿಗೆ ಅಷ್ಟು ದೂರ ಬಹಳ.

ಬೇಸಿಗೆ

ಮಾರ್ಚ್ ಮಧ್ಯದಲ್ಲಿ, ಶರಣಬಸವೇಶ್ವರ ಜಾತ್ರೆ ಹೊತ್ತಿಗೆ, ನಾಯಿಯ ದಿನಚರಿ ಬದಲಿಸಿ. ಪಾರಾ 42 ಮುಟ್ಟಿದ ಮೇಲೆ ಬದಲಿಸಿದರೆ ತಡ. ಏಪ್ರಿಲ್, ಮೇನಲ್ಲಿ ತಿರುಗಾಟ ಬೆಳಿಗ್ಗೆ ಆರರೊಳಗೆ, ಇಲ್ಲವೇ ರಾತ್ರಿ ಎಂಟರ ಮೇಲೆ. ಸಂಜೆ ಆರಕ್ಕೆ ಗಾಳಿ ತಂಪೆನಿಸಿದರೂ ಡಾಂಬರು ಇನ್ನೂ ಕಾದಿರುತ್ತದೆ. ಹಿಂಗೈಯನ್ನು ರಸ್ತೆ ಮೇಲೆ ಏಳು ಸೆಕೆಂಡು ಇಟ್ಟು ನೋಡಿ. ಇಡಲಾಗದಿದ್ದರೆ ನಾಯಿಯ ಅಂಗಾಲಿಗೂ ಆಗುವುದಿಲ್ಲ.

ನಾಯಿ ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ, ತೇಕುವುದೇ ಅದಕ್ಕೆ ಬೆವರು. ಆದ್ದರಿಂದ ಬಾಯಿ ಬಿಗಿಯುವ ಬಟ್ಟೆಯ ಮಜಲ್ ಹಾಕಿ ಬಿಸಿಲಿಗೆ ಕರೆದೊಯ್ಯುವುದು ಜೀವಕ್ಕೆ ಅಪಾಯ. ಬೇಕಾದರೆ ಎತ್ತಿನ ಬಾಯಿಗೆ ಹಾಕುವ ಕುಕ್ಕೆಯಂಥ ಬುಟ್ಟಿ ಮಜಲ್ ತನ್ನಿ, ಅದರೊಳಗೆ ಬಾಯಿ ತೆರೆದು ತೇಕಬಹುದು, ನೀರೂ ಕುಡಿಯಬಹುದು.

ನಲವತ್ತು ಕೆಜಿ ನಾಯಿಗೆ ಸಾಧಾರಣ ದಿನದಲ್ಲಿ ಎರಡು ಎರಡೂವರೆ ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಅದರ ಎರಡು ಪಟ್ಟಾದರೂ ಆಶ್ಚರ್ಯವಿಲ್ಲ. ನಳ ದಿನ ಬಿಟ್ಟು ದಿನ ಬರುವ ಓಣಿಗಳಲ್ಲಿ ನಾಯಿಯ ನೀರನ್ನೂ ಲೆಕ್ಕ ಹಿಡಿದೇ ಡ್ರಮ್ಮು ತುಂಬಿ. ಸ್ಟೀಲ್ ಬೋಗುಣಿ ಬಿಸಿಲಿಗೆ ಕಾಯುತ್ತದೆ. ಮಣ್ಣಿನ ಅಗಲ ಬಾನಿ ಇಟ್ಟರೆ ನೀರು ತಣ್ಣಗಿರುತ್ತದೆ, ನಾಯಿ ಒದ್ದರೂ ಉರುಳುವುದಿಲ್ಲ.

ಕೂಲರ್ ನಮ್ಮ ಒಣ ಹವೆಗೆ ಒಳ್ಳೆಯ ಸಾಧನ. ಕಿಟಕಿಯೊಂದನ್ನು ತೆರೆದಿಡಿ, ಗಾಳಿ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಕೋಣೆ ಹಬೆ ಹಿಡಿಯುತ್ತದೆ. ಜೂನ್ ಮೊದಲ ಮಳೆ ಬಿದ್ದ ಮೇಲೆ ಕೂಲರ್ ಕೆಲಸ ಮಾಡುವುದಿಲ್ಲ. ಜನ ಎಚ್ಚರ ತಪ್ಪುವುದೂ ಆಗಲೇ. ಪಾರಾ ಇಳಿಯಿತು ಎಂದು ಮಧ್ಯಾಹ್ನ ಚೆಂಡಾಡಿಸುತ್ತಾರೆ. ಹಸಿ ಗಾಳಿಯಲ್ಲಿ ತೇಕಿದರೂ ಮೈ ಆರುವುದಿಲ್ಲ, 34 ಡಿಗ್ರಿಯಲ್ಲೂ ನಾಯಿ ಕುಸಿದು ಬೀಳುತ್ತದೆ.

ಬೇಸಿಗೆಗೆ ಕೂದಲು ಬೋಳಿಸುವ ಕೆಲಸಕ್ಕೆ ಹೋಗಬೇಡಿ. ಒಳಗಿನ ಮೆತ್ತನೆಯ ಪದರ ಉದುರಲು ವಾರಕ್ಕೆರಡು ಸಲ ಬಾಚಿ, ಸಾಕು.

ಬಿಸಿಲು ಬಡಿದ ಗುರುತುಗಳು: ನಿಲ್ಲದ ತೇಕು, ಅಂಟಂಟು ಜೊಲ್ಲು, ಇಟ್ಟಿಗೆ ಕೆಂಪಾದ ವಸಡು, ತೂರಾಡುವ ಕಾಲು, ವಾಂತಿ. ನಾಯಿಯ ಸಹಜ ಮೈಬಿಸಿ 38ರಿಂದ 39.2 ಡಿಗ್ರಿ, 41 ದಾಟಿದರೆ ಒಳಗಿನ ಅಂಗಗಳು ಕೆಡತೊಡಗುತ್ತವೆ. ಆಗ ದವಾಖಾನೆಗೆ ಓಡುವುದಕ್ಕಿಂತ ಮೊದಲು ಅಲ್ಲೇ ನೀರು ಸುರಿಯಿರಿ, ಹೊಟ್ಟೆ, ತೊಡೆ ಸಂದು, ಎದೆ ಪೂರ್ತಿ ನೆನೆಯಬೇಕು. ಜೊತೆಗೆ ಫ್ಯಾನ್ ಹಚ್ಚಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಬಿಸಿ ಒಳಗೇ ಉಳಿಯುತ್ತದೆ, ಹೊದಿಸಬೇಡಿ. ಎಚ್ಚರವಿಲ್ಲದ ನಾಯಿಯ ಬಾಯಿಗೆ ನೀರು ಹೊಯ್ಯಬೇಡಿ. ಮೈ ಸ್ವಲ್ಪ ತಣ್ಣಗಾದ ಮೇಲೆ ಕಾರಿನ ಎಸಿ ಹಾಕಿ ಕರೆದೊಯ್ಯಿರಿ. ಎದ್ದು ಬಾಲ ಅಲ್ಲಾಡಿಸಿದರೂ ಡಾಕ್ಟರಿಗೆ ತೋರಿಸಲೇಬೇಕು, ಮೂತ್ರಪಿಂಡದ ತೊಂದರೆ ಮರುದಿನ ಹೊರಬರಬಹುದು.

ಮಳೆಗಾಲ, ಎರೆಮಣ್ಣು, ಉಣ್ಣಿ

ನಮ್ಮ ಎರೆಮಣ್ಣು ಹಸಿಯಿದ್ದಾಗ ಅಂಟು, ಒಣಗಿದರೆ ಕಲ್ಲು. ಹೊಲದ ಕಡೆ ತಿರುಗಿ ಬಂದ ನಾಯಿಯ ಪಂಜ ಮೇಲೆತ್ತಿ ಬೆರಳುಗಳ ಸಂದು ಬಿಡಿಸಿ ನೋಡಿ. ಕಡಲೆಕಾಳಿನಷ್ಟು ಮಣ್ಣಿನುಂಡೆ ಕೂದಲಿಗೆ ಅಂಟಿ ಕೂತಿರುತ್ತದೆ. ಹಾಗೇ ಬಿಟ್ಟರೆ ರಾತ್ರಿಯೊಳಗೆ ಒಣಗಿ, ಬೆಳಿಗ್ಗೆ ಪ್ರತಿ ಹೆಜ್ಜೆಗೂ ಒತ್ತುತ್ತದೆ, ನಾಯಿ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ. ಕಿತ್ತರೆ ಕೂದಲು ಸಮೇತ ಬರುತ್ತದೆ. ಬೆಚ್ಚಗಿನ ನೀರಿನ ಬುಟ್ಟಿಯಲ್ಲಿ ಪಂಜ ಅದ್ದಿ ಹಿಡಿದು, ಉಂಡೆ ಕರಗಿದ ಮೇಲೆ ಒರೆಸಿ, ಸಂದು ಪೂರ್ತಿ ಒಣಗಿಸಿ.

ಉಣ್ಣಿಯ ವಿಷಯದಲ್ಲಿ ಉದಾಸೀನ ಬೇಡ. ಹೆಣ್ಣು ಉಣ್ಣಿ ರಕ್ತ ಕುಡಿದು ನಾಯಿಯಿಂದ ಇಳಿದು ಗೋಡೆ ಬಿರುಕಿನಲ್ಲಿ ಸಾವಿರಗಟ್ಟಲೆ ತತ್ತಿ ಇಡುತ್ತದೆ. ಕಲ್ಲಿನ ಗೋಡೆ, ಫರಸಿಯ ಸಂದುಗಳಿರುವ ನಮ್ಮ ಮನೆಗಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಮೈಮೇಲಿನ ಉಣ್ಣಿ ಹೆಕ್ಕುತ್ತ ಕೂತರೆ ಮುಗಿಯುವುದಿಲ್ಲ, ಸಂದುಗಳಿಗೆ ಸಿಮೆಂಟ್ ತುಂಬಿಸಬೇಕು, ಕೌದಿಯನ್ನು ಬಿಸಿನೀರಿಗೆ ಹಾಕಬೇಕು, ನಾಯಿಗೆ ಡಾಕ್ಟರು ಹೇಳಿದ ಮಾತ್ರೆ ತಪ್ಪದೆ ಕೊಡಬೇಕು. ಸೀಮೆಎಣ್ಣೆ ಸವರುವುದು, ದನಕ್ಕೆ ತಂದ ಔಷಧಿಯನ್ನು ಅಂದಾಜಿನ ಮೇಲೆ ಹಚ್ಚುವುದು ಎರಡೂ ನಾಯಿಗೆ ವಿಷವಾಗುತ್ತವೆ. ಜ್ವರ, ಊಟ ಬಿಡುವುದು, ಬಿಳಿಚಿದ ವಸಡು, ಮೂಗಿನಿಂದ ರಕ್ತ ಕಂಡರೆ ಉಣ್ಣಿ ಜ್ವರ ಎಂದೇ ಅನುಮಾನಿಸಿ ರಕ್ತ ಪರೀಕ್ಷೆ ಮಾಡಿಸಿ.

ಗೇಟಿನ ಶಿಸ್ತು

ಸಿಲಿಂಡರ್ ತಂದವನು ಗೇಟು ಬಡಿದು, "ಅಣ್ಣಾರ, ನಾಯಿ ಕಟ್ಟೀರೇನ್ರಿ?" ಎಂದು ಕೂಗುತ್ತಾನೆ. ಬಹಳ ಮನೆಗಳಲ್ಲಿ ಒಳಗಿನಿಂದ ಬರುವ ಉತ್ತರ, "ಬರ್ರಿ, ಏನೂ ಮಾಡಂಗಿಲ್ಲ!" ಈ ಮಾತನ್ನು ಮನೆಯಲ್ಲಿ ನಿಷೇಧಿಸಿ. ಹೇಳಬೇಕಾದ್ದು, "ಅಲ್ಲೇ ನಿಂದ್ರು ತಮ್ಮಾ, ಒಳಗ ಹಾಕಿ ಬರ್ತೀನಿ."

ಗೇಟು ಬಡಿದ ಸಪ್ಪಳವೇ ನಾಯಿಗೆ ತನ್ನ ಜಾಗಕ್ಕೆ ಹೋಗುವ ಸೂಚನೆಯಾಗಬೇಕು. ಕಲಿಸುವುದು ಹೀಗೆ. ಮನೆಯವರೇ ಒಬ್ಬರು ಹೊರಗೆ ಹೋಗಿ ಗೇಟು ಬಡಿಯಿರಿ. ನಾಯಿ ಎರಡು ಸಲ ಬೊಗಳಲಿ, ಅದು ಅದರ ಕೆಲಸ. ಆಮೇಲೆ "ಸಾಕು" ಎಂದು ಕರೆದು, ಕೌದಿಯ ಮೇಲೆ ಕೂರಿಸಿ, ಕೋಳಿ ತುಣುಕು ಕೊಡಿ. ಎದ್ದು ಗೇಟಿಗೆ ಓಡಿದರೆ ಬಾಗಿಲು ತೆರೆಯುವುದಿಲ್ಲ, ತುಣುಕೂ ಇಲ್ಲ. ಹೊಡೆಯುವ ಅಗತ್ಯವಿಲ್ಲ. ಹೊಡೆತ ತಿಂದ ರಾಟ್‌ವೀಲರ್ ಒಂದು ದಿನ ತಿರುಗಿ ನೋಡುತ್ತದೆ, ಆಗ ಐವತ್ತು ಕೆಜಿ ಎಂದರೇನು ಎಂದು ಗೊತ್ತಾಗುತ್ತದೆ. ಸೋಫಾದ ಮೇಲೆ ಗುರ್ ಎಂದಾಗಲೂ ಅಷ್ಟೇ. ಗುರುಗುಟ್ಟುವುದು ಎಚ್ಚರಿಕೆ. ಅದಕ್ಕೆ ಹೊಡೆದು ಬಾಯಿ ಮುಚ್ಚಿಸಿದರೆ ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುತ್ತದೆ.

ಪಕ್ಕದ ಮನೆ ಮಕ್ಕಳ ಚೆಂಡು ಒಳಗೆ ಬಿದ್ದರೆ ಹೊರಗೆ ಎಸೆಯುವುದು ನಮ್ಮ ಕೆಲಸ ಎಂದು ಮಕ್ಕಳಿಗೂ ಅವರ ಮನೆಯವರಿಗೂ ಮೊದಲೇ ಹೇಳಿಡಿ. ನಿಮ್ಮದೇ ಮನೆಯ ಸಣ್ಣ ಮಕ್ಕಳ ಜೊತೆಗೂ ದೊಡ್ಡವರಿಲ್ಲದೆ ಬಿಡಬೇಡಿ, ಎಷ್ಟೇ ಪ್ರೀತಿಯ ನಾಯಿಯಾಗಿರಲಿ.

ರಾತ್ರಿ ಕಾವಲಿಗೆ ಹಗಲೆಲ್ಲ ಕಟ್ಟಿಹಾಕಬೇಕು ಎಂಬುದು ಸುಳ್ಳು. ಸದಾ ಕಟ್ಟಿದ ನಾಯಿ ಬಿಟ್ಟಾಗ ಎದುರಿಗೆ ಸಿಕ್ಕವರ ಮೇಲೆ ಬೀಳುತ್ತದೆ. ಸದಾ ಕಟ್ಟಿ, ತಿರುಗಾಡಿಸದೆ ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಅಪರಾಧ.

ಕಾನೂನು, ಕಡಿತ

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್ ಸೇರಿ 23 ತಳಿಗಳನ್ನು ತಡೆಯುವ ಸುತ್ತೋಲೆ ಹೊರಡಿಸಿತ್ತು, ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗೆಂದು ಹೊಣೆ ತಪ್ಪಲಿಲ್ಲ. ಪ್ರಾಣಿಯಿಂದ ಬೇರೆಯವರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪಾಲಿಕೆಯಲ್ಲಿ ನೋಂದಣಿ ವಿಚಾರಿಸಿ, ಲಸಿಕೆ ಕಾರ್ಡಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಯಾರಿಗಾದರೂ ಹಲ್ಲು ತಾಗಿದರೆ, ಸಣ್ಣ ಗೀರಾದರೂ ಸರಿ, ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆದು ದವಾಖಾನೆಗೆ ನೀವೇ ಕರೆದೊಯ್ಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬಾರದು. "ನಮ್ಮ ನಾಯಿಗೆ ಸೂಜಿ ಆಗ್ಯಾದ" ಎಂದು ಅವರ ಸೂಜಿ ತಪ್ಪಿಸಬೇಡಿ, ಅದನ್ನು ಡಾಕ್ಟರು ನಿರ್ಧರಿಸಲಿ.

ವಯಸ್ಸಾದಾಗ

ಈ ತಳಿಯ ಆಯುಷ್ಯ ಎಂಟರಿಂದ ಹತ್ತು ವರ್ಷ. ಏಳಕ್ಕೇ ಮುದಿಯಾಯಿತು ಎಂದು ತಿಳಿದು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಒಂದೇ ಕಾಲಿನ ಕುಂಟು ವಾರವಾದರೂ ಹೋಗದಿದ್ದರೆ ಉಳುಕು ಎಂದು ಎಣ್ಣೆ ತಿಕ್ಕುತ್ತ ಕೂರಬೇಡಿ, ಎಕ್ಸ್‌ರೇ ತೆಗೆಸಿ. ಮೂಳೆಯ ಕ್ಯಾನ್ಸರ್ ರಾಟ್‌ವೀಲರ್‌ಗಳಲ್ಲಿ ಉಳಿದ ತಳಿಗಳಿಗಿಂತ ಹೆಚ್ಚು. ಮಾಳಿಗೆ ಮೆಟ್ಟಿಲು ಹತ್ತಿಸುವುದು ನಿಲ್ಲಿಸಿ. ಏಳಲು ಕಷ್ಟಪಟ್ಟರೆ ಹೊಟ್ಟೆಯ ಕೆಳಗೆ, ಹಿಂಗಾಲಿನ ಮುಂದೆ ಟವೆಲ್ ಹಾಯಿಸಿ ಎರಡೂ ತುದಿ ಹಿಡಿದು ಎತ್ತಿ. ನೋವಿಗೆಂದು ಮನೆಯಲ್ಲಿರುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಚೂರು ಕೂಡ ಕೊಡಬೇಡಿ, ಹೊಟ್ಟೆಯಲ್ಲಿ ರಕ್ತ ಸೋರಿ ಮೂತ್ರಪಿಂಡವೂ ಕೆಡುತ್ತದೆ. ನಾಯಿಗೆಂದೇ ಇರುವ ನೋವಿನ ಔಷಧಿಯನ್ನು ತೂಕ ನೋಡಿ ಡಾಕ್ಟರು ಬರೆದುಕೊಡುತ್ತಾರೆ.